'ಹೆದರಬೇಡ' ಎನ್ನುವ ಮುನ್ನ

ಭಯವನ್ನು ಗೆಲ್ಲುವುದು ಹೇಗೆ, ಚಿಂತೆಯನ್ನು ಬಿಡುವುದು ಹೇಗೆ, ಸದಾ ಒಳ್ಳೆಯದನ್ನೇ ಯೋಚಿಸುವುದು ಹೇಗೆ ಎಂದು ಹೇಳಿಕೊಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಪುಸ್ತಕದಂಗಡಿಯ ಮುಂದಿನ ಸಾಲಿನಲ್ಲಿ ಅವೇ ಪುಸ್ತಕಗಳು. ಪ್ರವಚನದಲ್ಲೂ ಅದೇ, ಟಿ.ವಿ.ಯ ಬೆಳಗಿನ ಕಾರ್ಯಕ್ರಮದಲ್ಲೂ ಅದೇ, ಮೊಬೈಲಿಗೆ ಬಂದು ಬೀಳುವ ಶುಭೋದಯದ ಸಂದೇಶದಲ್ಲೂ ಅದೇ. ಭಯವಿರುವುದು ನಿನ್ನ ಮನಸ್ಸಿನಲ್ಲಿ, ಮನಸ್ಸು ಬದಲಾದರೆ ಬದುಕು ಬದಲಾಗುತ್ತದೆ ಎಂಬುದು ಇವೆಲ್ಲದರ ಸಾರ. ಪರೀಕ್ಷೆಗೆ ಅಂಜುವ ಹುಡುಗನಿಗೆ, ವೇದಿಕೆ ಹತ್ತಲು ಹಿಂಜರಿಯುವ ಹುಡುಗಿಗೆ ಈ ಮಾತಿನಿಂದ ಒಂದಿಷ್ಟು ಧೈರ್ಯ ಬರಬಹುದು. ಆದರೆ ರಾತ್ರಿ ಗಂಡನ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಮಕ್ಕಳನ್ನು ಒಳಕೋಣೆಗೆ ಕಳಿಸುವ ಹೆಣ್ಣಿಗೆ ಇದನ್ನೇ ಹೇಳಿದರೆ ಏನಾಗುತ್ತದೆ? ಅವಳ ಮೇಲೆ ನಡೆಯುತ್ತಿರುವ ಹಿಂಸೆ ಅವಳದೇ ಮನಸ್ಸಿನ ದೋಷವಾಗಿಬಿಡುತ್ತದೆ. ಹೊಡೆಯುವವನು ಮಾತಿನಿಂದ ಮಾಯವಾಗಿ, ಹೆದರುವವಳು ಮಾತ್ರ ಉಳಿಯುತ್ತಾಳೆ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪದವಿ ತರಗತಿಗಳಲ್ಲಿ ಮನಃಶಾಸ್ತ್ರ ಪಾಠ ಮಾಡಿದವಳು ನಾನು. ನಿವೃತ್ತಿಯ ನಂತರ ವಾರಕ್ಕೆರಡು ದಿನ ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಕುಳಿತು, ಬಂದವರ ಮಾತು ಕೇಳುತ್ತೇನೆ. ತರಗತಿ ಮತ್ತು ಕೇಂದ್ರ ಎರಡೂ ಸೇರಿ ನನಗೆ ಕಲಿಸಿರುವುದು ಇಷ್ಟು. ನೊಂದ ಹೆಣ್ಣಿನ ಭಯ ಒಂದಲ್ಲ, ಎರಡು. ಒಂದು, ಅವಳು ಕಣ್ಣಾರೆ ಕಂಡು ಅನುಭವಿಸಿ ತಿಳಿದುಕೊಂಡ ಭಯ. ಅದು ಅವಳನ್ನು ಕಾಯುತ್ತದೆ. ಇನ್ನೊಂದು, ಸುತ್ತಲಿನವರು ಅವಳ ತಲೆಗೆ ತುಂಬಿದ ಭಯ. ಅದು ಅವಳನ್ನು ಕಟ್ಟಿಹಾಕುತ್ತದೆ. ಮೊದಲನೆಯದನ್ನು ನಂಬಬೇಕು, ಎರಡನೆಯದನ್ನು ಪ್ರಶ್ನಿಸಬೇಕು. ಎರಡನ್ನೂ ಒಂದೇ ಗಂಟು ಕಟ್ಟಿ 'ಹೆದರಬೇಡ' ಎಂದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಕಂಡು ತಿಳಿದ ಭಯ

ಮೊದಲನೆಯ ಭಯಕ್ಕೆ ಆಧಾರವಿದೆಯೇ ಎಂದು ಕೇಳುವವರಿಗೆ ಸರ್ಕಾರದ್ದೇ ಅಂಕಿ-ಅಂಶಗಳಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49ರ ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇಕಡ 44.4ರಷ್ಟು ಮಂದಿ ಗಂಡನ ಕೈಯಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇಕಡ 29.3. ವಿದ್ಯೆ, ವಿಜ್ಞಾನ, ವಚನ ಎಂದು ಹೆಮ್ಮೆ ಪಡುವ ನಮ್ಮ ರಾಜ್ಯ ಈ ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು ಆರು ಸಾವಿರಕ್ಕೂ ಹೆಚ್ಚು. ಇವು ದಾಖಲಾದವು ಮಾತ್ರ. 'ಸ್ಟೌವ್ ಸಿಡಿದು ಗೃಹಿಣಿ ಸಾವು' ಎಂಬ ಎರಡು ಸಾಲಿನ ಸುದ್ದಿ ಪತ್ರಿಕೆಗಳ ಮೂಲೆಯಲ್ಲಿ ಬರುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಮನೆಯಲ್ಲಿ ಅಷ್ಟು ಜನರಿದ್ದರೂ ಸ್ಟೌವ್ ಸೊಸೆಯ ಮೇಲೆಯೇ ಏಕೆ ಸಿಡಿಯುತ್ತದೆ ಎಂದು ಬೆಂಗಳೂರಿನ 'ವಿಮೋಚನಾ'ದಂಥ ಸಂಘಟನೆಗಳ ಹೆಂಗಸರು 1990ರ ದಶಕದಲ್ಲಿ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ, ಪೊಲೀಸ್ ಠಾಣೆಗೆ ಹೋಗಿ ಕೇಳಬೇಕಾಯಿತು. ಹಾಗೆ ಕೇಳಿದ್ದರಿಂದಲೇ 'ಆಕಸ್ಮಿಕ' ಎಂಬ ಹೆಸರಿನಡಿ ಏನೇನು ಅಡಗಿತ್ತು ಎಂಬುದು ಹೊರಬಿತ್ತು.

ಹೆಂಗಸರು ಇಲ್ಲದ ಅಪಾಯವನ್ನು ಕಲ್ಪಿಸಿಕೊಳ್ಳುತ್ತಾರೆ ಎಂಬ ಆರೋಪ ಹಳೆಯದು. ಅಧ್ಯಯನಗಳು ಹೇಳುವುದು ಇದಕ್ಕೆ ತದ್ವಿರುದ್ಧ. ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಅವರ ಜೊತೆಗಾರರು ಗಂಡ ಅಥವಾ ಸಂಗಾತಿಯಿಂದ ಕೊಲೆಯಾದ, ಕೊಲೆಯತ್ನದಿಂದ ಬದುಕುಳಿದ ಹೆಂಗಸರ ಪ್ರಕರಣಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಮ್ಮ ಪ್ರಾಣಕ್ಕೇ ಅಪಾಯವಿದೆ ಎಂದು ಅನ್ನಿಸಿರಲಿಲ್ಲ. ಅಂದರೆ ಹೆಣ್ಣು ತಪ್ಪು ಮಾಡುವುದು ಹೆಚ್ಚು ಹೆದರಿ ಅಲ್ಲ, ಕಡಿಮೆ ಹೆದರಿ. ಗಂಡ ಒಮ್ಮೆಯಾದರೂ ಕುತ್ತಿಗೆ ಹಿಸುಕಿದ್ದರೆ ಮುಂದೆ ಅವಳು ಕೊಲೆಯಾಗುವ ಸಂಭವ ಏಳು ಪಟ್ಟಿಗಿಂತ ಹೆಚ್ಚು ಎಂದು 2008ರ ಇನ್ನೊಂದು ಅಧ್ಯಯನ ತೋರಿಸಿತು. 'ಕುತ್ತಿಗೆಗೆ ಕೈ ಹಾಕಿದ, ಆಮೇಲೆ ಬಿಟ್ಟ' ಎಂದು ಹಗುರವಾಗಿ ಹೇಳುವ ಮಗಳಿಗೆ 'ಹೆದರಬೇಡಮ್ಮ, ಕೋಪದಲ್ಲಿ ಹಾಗೆ ಮಾಡಿರುತ್ತಾನೆ' ಎಂದು ಸಮಾಧಾನ ಹೇಳುವ ತಾಯಂದಿರು ಇದನ್ನು ತಿಳಿದಿರಬೇಕು. ಕುತ್ತಿಗೆ ಹಿಸುಕುವುದು, ಕೊಲ್ಲುತ್ತೇನೆಂದು ಬೆದರಿಸುವುದು, ಕತ್ತಿ-ಸೀಮೆಎಣ್ಣೆ ತೋರಿಸುವುದು, ಬಸುರಿಯಾಗಿದ್ದಾಗ ಹೊಡೆಯುವುದು, ಹೊಡೆತ ದಿನದಿಂದ ದಿನಕ್ಕೆ ಹೆಚ್ಚುವುದು, ಇವೆಲ್ಲ ಅಪಾಯದ ಗುರುತುಗಳು. ಅವಳು ಬಿಟ್ಟು ಹೋಗುವ ಮಾತೆತ್ತಿದಾಗ ಮತ್ತು ಬಿಟ್ಟುಹೋದ ಮೊದಲ ದಿನಗಳಲ್ಲಿ ಅಪಾಯ ಇನ್ನೂ ಹೆಚ್ಚು. ಆಗ ಅವಳಿಗೆ ಬೇಕಾದದ್ದು ಧೈರ್ಯದ ಉಪದೇಶವಲ್ಲ, ಜೊತೆಗೆ ನಾಲ್ಕು ಜನ.

ಕೈಚೆಲ್ಲಿ ಕೂರುವುದು ಹುಟ್ಟುಗುಣವೇ?

'ಅಷ್ಟು ಹಿಂಸೆಯಿದ್ದರೆ ಅವಳೇಕೆ ಅಲ್ಲೇ ಇದ್ದಾಳೆ?' ಎಂಬ ಪ್ರಶ್ನೆ ನನ್ನ ತರಗತಿಯಲ್ಲಿ ಪ್ರತಿ ವರ್ಷ ಬರುತ್ತಿತ್ತು. ಉತ್ತರವಾಗಿ ಪಠ್ಯಪುಸ್ತಕದಲ್ಲಿದ್ದುದು ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳನ್ನು ಆಮೇಲೆ ಬೇರೊಂದು ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ಒಂದು ಗಿಡ್ಡ ತಡೆಯನ್ನು ಹಾರಿದರೆ ಸಾಕು, ಆಘಾತದಿಂದ ಪಾರು. ಆದರೂ ಅವುಗಳಲ್ಲಿ ಬಹುಪಾಲು ಹಾರಲೇ ಇಲ್ಲ, ಕುಂಯ್‌ಗುಟ್ಟುತ್ತ ಬಿದ್ದುಕೊಂಡವು. ಇದನ್ನು 'ಕಲಿತ ಅಸಹಾಯಕತೆ' ಎಂದು ಕರೆದರು. 1979ರಲ್ಲಿ ಲೆನೋರ್ ವಾಕರ್ ಇದೇ ವಿವರಣೆಯನ್ನು ಹೊಡೆತ ತಿನ್ನುವ ಹೆಂಗಸರಿಗೂ ಅನ್ವಯಿಸಿದರು.

ಈ ವಿವರಣೆಯಲ್ಲಿ ಕರುಣೆಯಿದೆ, ಆದರೆ ಪೂರ್ಣ ಸತ್ಯವಿಲ್ಲ. 1988ರಲ್ಲಿ ಎಡ್ವರ್ಡ್ ಗೊಂಡಾಲ್ಫ್ ಮತ್ತು ಎಲೆನ್ ಫಿಶರ್, ಆಶ್ರಯಧಾಮಗಳಿಗೆ ಬಂದ ಸಾವಿರಾರು ಹೆಂಗಸರ ವಿವರ ನೋಡಿ ಬೇರೆಯದೇ ಮಾತು ಹೇಳಿದರು. ಈ ಹೆಂಗಸರು ಸುಮ್ಮನೆ ಕೂತವರಲ್ಲ. ಹಿಂಸೆ ಹೆಚ್ಚಿದಂತೆಲ್ಲ ಅವರು ಹೆಚ್ಚು ಹೆಚ್ಚು ಕಡೆ ಸಹಾಯ ಕೇಳಿದ್ದರು. ಕೈಚೆಲ್ಲಿದ್ದು ಸಹಾಯ ಮಾಡಬೇಕಾದವರು. ನಮ್ಮ ಕೇಂದ್ರಕ್ಕೆ ಬರುವವರನ್ನು ಕೇಳಿ ನೋಡಿ. ತವರಿಗೆ ಮೂರು ಸಲ ಹೋಗಿರುತ್ತಾರೆ, ಮೂರು ಸಲವೂ ಹಣ್ಣು-ಹೂ ಕೊಟ್ಟು ವಾಪಸು ಕಳಿಸಿರುತ್ತಾರೆ. ಊರಿನ ಹಿರಿಯರ ಹತ್ತಿರ ಪಂಚಾಯ್ತಿ ಆಗಿರುತ್ತದೆ. ಠಾಣೆಯಲ್ಲಿ 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆ ಕೇಳಿ ಬಂದಿರುತ್ತಾರೆ. ಬಾಗಿಲು ತಟ್ಟಿ ತಟ್ಟಿ ಕೈ ಸೋತವಳನ್ನು ನೋಡಿ ನಾವು 'ಇವಳಿಗೆ ತಟ್ಟುವುದೇ ಗೊತ್ತಿಲ್ಲ' ಎನ್ನುತ್ತೇವೆ.

ಅದೇ ಸೆಲಿಗ್‌ಮನ್ ಮತ್ತು ಮಾಯರ್ 2016ರಲ್ಲಿ, ಮಿದುಳಿನ ಮೇಲೆ ನಡೆದ ಹೊಸ ಸಂಶೋಧನೆಗಳ ಆಧಾರದಿಂದ, ತಮ್ಮ ಹಳೆಯ ವಿವರಣೆಯನ್ನು ತಾವೇ ತಿರುಗಿಸಿ ಬರೆದರು. ದೀರ್ಘಕಾಲ ನೋವುಂಡಾಗ ಸೋತು ಕೂರುವುದು ಕಲಿತದ್ದಲ್ಲ, ಅದು ಜೀವದ ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು 'ನಾನು ಮಾಡಿದ್ದರಿಂದ ಏನೋ ಬದಲಾಗುತ್ತದೆ' ಎಂಬುದನ್ನು. ಹಳೆಯ ಪ್ರಯೋಗದಲ್ಲೇ ಇದರ ಸುಳಿವಿತ್ತು. ಬಿದ್ದುಕೊಂಡ ನಾಯಿಗಳಿಗೆ ಪುಸಲಾಯಿಸಿದರೂ ಆಸೆ ತೋರಿಸಿದರೂ ಪ್ರಯೋಜನವಾಗಲಿಲ್ಲ. ಹಗ್ಗ ಕಟ್ಟಿ ಆಚೆ ಬದಿಗೆ ಮತ್ತೆ ಮತ್ತೆ ಕರೆದೊಯ್ದ ಮೇಲೆ ಅವು ತಾವಾಗಿ ಹಾರತೊಡಗಿದವು. ಹೆಣ್ಣನ್ನು ಎಳೆದೊಯ್ಯಬೇಕು ಎಂದು ನಾನು ಹೇಳುತ್ತಿಲ್ಲ. ಮಾತಿನಿಂದ ಬಾರದ ಧೈರ್ಯ ಒಮ್ಮೆ ದಾಟಿ ನೋಡಿದ್ದರಿಂದ ಬರುತ್ತದೆ, ಮೊದಲ ಸಲ ದಾಟುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು ಎನ್ನುತ್ತಿದ್ದೇನೆ.

ತುಂಬಿಸಿದ ಭಯ

ಇನ್ನು ಎರಡನೆಯ ಭಯ. ಇದು ಗಂಡನ ಮನೆಯಲ್ಲಿ ಬೆದರಿಕೆಯಾಗಿ, ತವರಿನಲ್ಲಿ ಬುದ್ಧಿಮಾತಾಗಿ ಬರುತ್ತದೆ. ಇದನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಎಷ್ಟೋ ಕರಗುತ್ತದೆ.

'ಮನೆ ಅವರ ಹೆಸರಿನಲ್ಲಿದೆ, ಯಾವತ್ತು ಬೇಕಾದರೂ ಹೊರಗೆ ಹಾಕುತ್ತಾರೆ.' ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗಾಗಿ 2005ರಲ್ಲಿ ಬಂದ, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅವಳು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಮನೆ ಅತ್ತೆ-ಮಾವನದಾದರೂ ಅದು 'ಕೂಡಿ ಬಾಳಿದ ಮನೆ' ಆಗಬಹುದೆಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

'ದೂರು ಕೊಟ್ಟರೆ ಗಂಡನನ್ನು ಜೈಲಿಗೆ ಕಳಿಸಿದ ಪಾಪ ನನಗೆ.' ಕ್ರೌರ್ಯಕ್ಕೆ ಶಿಕ್ಷೆ ವಿಧಿಸುವ ಕಲಮು ಬೇರೆ. ಮೊದಲು ಅದು 498ಎ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು. 2005ರ ಕಾಯಿದೆಯ ಉದ್ದೇಶ ಬೇರೆ. ಅದರಡಿ ಅವಳು ಕೇಳುವುದು ಹೊಡೆಯಬಾರದು, ಬೆದರಿಸಬಾರದು, ಹೊರಹಾಕಬಾರದು, ಖರ್ಚಿಗೆ ಕೊಡಬೇಕು ಎಂಬ ಆದೇಶ. ಆ ಆದೇಶವನ್ನು ಅವನು ಮುರಿದರೆ ಮಾತ್ರ ಒಂದು ವರ್ಷದವರೆಗೆ ಸೆರೆ ಅಥವಾ ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ.

'ವರದಕ್ಷಿಣೆ ಕೊಟ್ಟದ್ದೂ ಅಪರಾಧವಂತೆ, ಹೇಳಿದರೆ ಅಪ್ಪನೇ ಸಿಕ್ಕಿಹಾಕಿಕೊಳ್ಳುತ್ತಾನೆ.' ಗಂಡಿನ ಕಡೆಯವರು ಬೇಕೆಂದೇ ಹಬ್ಬಿಸುವ ಹೆದರಿಕೆಯಿದು. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಕೊಡುವುದೂ ಅಪರಾಧವೆಂಬುದು ನಿಜ. ಆದರೆ ಅದರಿಂದ ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ವಿರುದ್ಧವೇ ಆ ಕಾಯಿದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು 7ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ.

'ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ.' 2005ರ ಕಾಯಿದೆಯಡಿಯೇ ಮಕ್ಕಳನ್ನು ತಾತ್ಕಾಲಿಕವಾಗಿ ತನ್ನ ಬಳಿ ಇಟ್ಟುಕೊಳ್ಳಲು ಆದೇಶ ಕೇಳಬಹುದು. ಹಿಂದೂಗಳಿಗೆ ಅನ್ವಯಿಸುವ 1956ರ ಕಾಯಿದೆಯಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರತಕ್ಕದ್ದು ಎಂದಿದೆ.

'ಕೋರ್ಟಿಗೆ ದುಡ್ಡೆಲ್ಲಿದೆ?' 1987ರ ಕಾನೂನು ಸೇವೆಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತವಾಗಿ ವಕೀಲರ ನೆರವು ಸಿಗಬೇಕು. 15100ಕ್ಕೆ ಫೋನ್ ಮಾಡಿ ಕೇಳಬಹುದು.

ಇಷ್ಟೆಲ್ಲ ಬರೆದೆನೆಂದು ಕಾನೂನು ಕೈಗೆಟುಕುವ ಹಣ್ಣೆಂದು ಯಾರೂ ತಿಳಿಯಬಾರದು. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನ 60 ದಿನದೊಳಗೆ ಆಗಲಿ ಎಂದು ಕಾಯಿದೆ ಬಯಸುತ್ತದೆ. ಕೋರ್ಟಿನ ವರಾಂಡದಲ್ಲಿ ಕಾದವರಿಗೆ ನಿಜ ಸ್ಥಿತಿ ಗೊತ್ತು. ಆದರೂ ತಡವಾಗುವ ಹಕ್ಕಿಗೂ ಇಲ್ಲವೇ ಇಲ್ಲದ ಹಕ್ಕಿಗೂ ವ್ಯತ್ಯಾಸವಿದೆ. 'ನನಗೆ ದಾರಿಯೇ ಇಲ್ಲ' ಎಂದುಕೊಂಡು ಬದುಕುವುದು ಬೇರೆ, 'ದಾರಿ ಕಷ್ಟದ್ದು, ಆದರೆ ಇದೆ' ಎಂದು ತಿಳಿದು ಬದುಕುವುದು ಬೇರೆ. ಹಿಂಸೆ ಮಾಡುವವನ ಬಲ ಅರ್ಧ ಇರುವುದೇ ಅವಳ ಈ ತಿಳಿಯದಿರುವಿಕೆಯಲ್ಲಿ.

'ಜನ ಏನಂತಾರೆ?' ಎಂಬ ಭಯಕ್ಕೆ ಮಾತ್ರ ಯಾವ ಕಲಮಿನಲ್ಲೂ ಮದ್ದಿಲ್ಲ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂದು ಗಾದೆ ಕಟ್ಟಿದ ಸಮಾಜ ನಮ್ಮದು. ಈ ಭಯವನ್ನು ಹುಟ್ಟಿಸಿದವರು ನಾವು, ತೆಗೆಯಬೇಕಾದವರೂ ನಾವೇ. ಮಗಳ ಕೋಣೆಯನ್ನು ಮದುವೆಯಾದ ಮರುದಿನವೇ ಉಗ್ರಾಣ ಮಾಡದಿರುವುದು ಅದರ ಮೊದಲ ಕೆಲಸ.

ಚಿಂತೆಯನ್ನು ಕೆಲಸವಾಗಿಸುವುದು

ಚಿಂತೆ ಬಿಡು ಎಂದರೆ ಬಿಡುವುದಿಲ್ಲ. ಅದಕ್ಕೊಂದು ಕೆಲಸ ಕೊಟ್ಟರೆ ಅದರ ಕಾಟ ಕಡಿಮೆಯಾಗುತ್ತದೆ. ರಾತ್ರಿಯೆಲ್ಲ ಒಂದೇ ಕಡೆ ಸುತ್ತುವ 'ಏನಾದರೂ ಆದರೆ?' ಎಂಬ ಪ್ರಶ್ನೆಯನ್ನು ಹಗಲಿನಲ್ಲಿ 'ಆದರೆ ಏನು ಮಾಡುತ್ತೇನೆ?' ಎಂದು ಬದಲಿಸಿಕೊಳ್ಳಬೇಕು. ನಾವು ಕೇಂದ್ರದಲ್ಲಿ ಬಂದವರ ಜೊತೆ ಕೂತು ಮಾಡುವುದು ಇದನ್ನೇ. ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್, ಮಕ್ಕಳ ಜನನ ಪತ್ರ, ಮದುವೆಯ ಫೋಟೋ, ಆಸ್ಪತ್ರೆಯ ಚೀಟಿ, ಇವುಗಳ ನಕಲನ್ನು ನಂಬಿಕೆಯ ಒಬ್ಬರ ಮನೆಯಲ್ಲಿ ಇಡುವುದು. ಎರಡು ಫೋನ್ ನಂಬರನ್ನು ಬಾಯಿಪಾಠ ಮಾಡುವುದು, ಏಕೆಂದರೆ ಮೊದಲು ಕಿತ್ತುಕೊಳ್ಳುವುದೇ ಫೋನನ್ನು. ಗಾಯವಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ 'ಬಿದ್ದೆ' ಎನ್ನದೆ ನಡೆದದ್ದನ್ನೇ ಹೇಳಿ ಬರೆಸುವುದು. ಪಕ್ಕದ ಮನೆಯಾಕೆಯೊಂದಿಗೆ ಒಂದು ಗುರುತಿನ ಮಾತು ಗೊತ್ತುಮಾಡಿಕೊಳ್ಳುವುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181 ಎಂಬುದನ್ನು ಮಕ್ಕಳಿಗೂ ಹೇಳಿಕೊಡುವುದು. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ 2005ರ ಕಾಯಿದೆಯ ರಕ್ಷಣಾಧಿಕಾರಿಯ ಕೆಲಸ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದ್ದು. ಆ ಕಚೇರಿ ಎಲ್ಲಿದೆಯೆಂದು ಅಂಗನವಾಡಿಯ ಟೀಚರಿಗೆ ಗೊತ್ತಿರುತ್ತದೆ.

ಇದರಲ್ಲಿ ಯಾವುದೂ ದೊಡ್ಡ ಸಾಹಸವಲ್ಲ. ಗಂಡನನ್ನು ಬಿಡಬೇಕೆಂಬ ತೀರ್ಮಾನವೂ ಇದರಲ್ಲಿಲ್ಲ. ಇರುವುದೋ ಬಿಡುವುದೋ ಅವಳ ನಿರ್ಧಾರ. ಆದರೆ ಇಷ್ಟು ಮಾಡಿಕೊಂಡವಳ ಮುಖದಲ್ಲಿ ಒಂದು ಬದಲಾವಣೆ ಕಾಣುತ್ತದೆ. ಭಯ ಹೋಗಿರುವುದಿಲ್ಲ, ಅದರ ಜೊತೆಗೆ ಇನ್ನೇನೋ ಸೇರಿರುತ್ತದೆ.

'ನನ್ನ ಕೈಲಿ ಏನಾಗುತ್ತದೆ?'

ನಕಾರಾತ್ಮಕ ಚಿಂತನೆ ಎಂದು ಕರೆಯಬೇಕಾದದ್ದು ಯಾವುದಾದರೂ ಇದ್ದರೆ ಅದು ಈ ಮಾತು. ಆದರೆ ಇದು ಅವಳ ಮಾತಲ್ಲ. 'ನಿನಗೇನು ಗೊತ್ತು', 'ನಿನ್ನ ಮುಖಕ್ಕೆ ಯಾರು ಕೆಲಸ ಕೊಡುತ್ತಾರೆ' ಎಂದು ವರ್ಷಗಟ್ಟಲೆ ಕೇಳಿ ಕೇಳಿ, ಕೊನೆಗೆ ಅವನ ದನಿ ಅವಳ ಒಳಗೇ ಕೂತುಬಿಟ್ಟಿರುತ್ತದೆ. 2005ರ ಕಾಯಿದೆ ಇಂಥ ಮಾತಿನ ಹಿಂಸೆಯನ್ನೂ, ಹಣ ಕೊಡದೆ ಸತಾಯಿಸುವುದನ್ನೂ ಹಿಂಸೆಯೆಂದೇ ಎಣಿಸಿದ್ದು ಸರಿಯಾಗಿದೆ.

1960ರ ದಶಕದಲ್ಲಿ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯಲ್ಲಿ ಒಂದು ಸರಳ ಪಾಠವಿದೆ. ಮನಸ್ಸಿಗೆ ಬಂದ ಮಾತನ್ನು ಸತ್ಯವೆಂದು ಒಪ್ಪಿಕೊಳ್ಳುವ ಮೊದಲು, ಇದಕ್ಕೆ ಆಧಾರವೇನು ಎಂದು ಕೇಳಬೇಕು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬಾಕೆ 'ನನ್ನ ಕೈಲಿ ಏನೂ ಆಗಲ್ಲ ಮೇಡಂ' ಎಂದಳು. ಹಿಂದಿನ ದಿನ ಏನೇನು ಮಾಡಿದೆ ಎಂದು ಕೇಳಿ, ಅವಳು ಹೇಳಿದ್ದನ್ನು ಹಾಳೆಯಲ್ಲಿ ಬರೆದೆ. ನಾಲ್ಕೂವರೆಗೆ ಎದ್ದು ನೀರು ಹಿಡಿದದ್ದು, ಐದು ಜನರ ಅಡಿಗೆ, ಮಗನ ಶಾಲೆಯ ಫೀಸಿಗೆ ಸಂಘದಲ್ಲಿ ಸಾಲ ಕೇಳಿದ್ದು, ಮಷೀನಿನ ಮುಂದೆ ಎಂಟು ಗಂಟೆ, ಬರುವಾಗ ಅತ್ತೆಗೆ ಬಿ.ಪಿ. ಮಾತ್ರೆ. ಹಾಳೆ ತುಂಬಿತು. ಓದಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಷ್ಟೆಲ್ಲ ನಾನೇನಾ?' ಎಂದಳು. ನಾನು ಅವಳನ್ನು ಹೊಗಳಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಲೆಕ್ಕ ಒಪ್ಪಿಸಿದೆ, ಅಷ್ಟೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ತಿಂಗಳುಗಟ್ಟಲೆ ನಿದ್ದೆಯಿಲ್ಲದಿರುವುದು, ಅನ್ನ ಸೇರದಿರುವುದು, ಎದೆ ಢವಗುಟ್ಟಿ ಕೈಕಾಲು ತಣ್ಣಗಾಗುವುದು, ಸಾಯಬೇಕೆನಿಸುವುದು, ಇವುಗಳಿಗೆ ಚಿಕಿತ್ಸೆ ಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. 'ಡಾಕ್ಟರ ಹತ್ತಿರ ಹೋದರೆ ಹುಚ್ಚಿ ಎಂದು ಬರೆಸಿ ಡೈವೋರ್ಸ್ ಕೊಡುತ್ತಾರೆ' ಎಂದು ಹೆದರಿ ಎಷ್ಟೋ ಹೆಂಗಸರು ಹೋಗುವುದೇ ಇಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಕಾರಣವಾಗಬೇಕಾದರೆ ಜೊತೆಯಲ್ಲಿ ಬಾಳಲು ಸಾಧ್ಯವೇ ಇಲ್ಲದಷ್ಟು ಅದು ತೀವ್ರವಾಗಿರಬೇಕು. ಚಿಕಿತ್ಸೆ ಪಡೆದದ್ದೇ ಕಾರಣವಾಗದು. ಅದೇ ವೇಳೆಗೆ, ನಿದ್ದೆ ಮಾತ್ರೆ ಕೊಟ್ಟು ಅದೇ ಮನೆಗೆ ಕಳಿಸಿಬಿಡುವುದು ಚಿಕಿತ್ಸೆಯಲ್ಲ ಎಂಬುದನ್ನು ವೈದ್ಯರೂ ಅರಿಯಬೇಕು. ಗಾಯಕ್ಕೆ ಮದ್ದು ಹಚ್ಚುವಾಗ ಗಾಯ ಮಾಡಿದ ಕೈಯನ್ನೂ ವಿಚಾರಿಸಬೇಕು.

ಕೇಳುವ ಕಿವಿಗಳು

ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ. ನನಗೆ ಎಲ್ಲಕ್ಕಿಂತ ಭಾರವಾದದ್ದು ಅದು. ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ದೇಶದ ಹೆಂಗಸರಲ್ಲಿ ಶೇಕಡ 77ರಷ್ಟು ಮಂದಿ ಸಹಾಯ ಕೇಳಿಲ್ಲ, ಯಾರೊಬ್ಬರಿಗೂ ಹೇಳಿಯೂ ಇಲ್ಲ. ನಾಲ್ವರಲ್ಲಿ ಮೂವರು! ಅವರಿಗೆ ಅಕ್ಕ ತಂಗಿಯರಿದ್ದಾರೆ, ಓರಗೆಯ ಗೆಳತಿಯರಿದ್ದಾರೆ, ಬಸ್ಸಿನಲ್ಲಿ ದಿನಾ ಪಕ್ಕ ಕೂರುವವರಿದ್ದಾರೆ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಇಂಥ ಒಬ್ಬಳಾದರೂ ಪರಿಚಯವಿರಲೇಬೇಕು. ಅವಳು ಹೇಳಿಲ್ಲ, ಏಕೆಂದರೆ ಹೇಳಿದರೆ ಸಿಗುವ ಉತ್ತರ ಅವಳಿಗೆ ಮೊದಲೇ ಗೊತ್ತು. ಹೊಂದಿಕೊಂಡು ಹೋಗು, ದೇವರ ಮೇಲೆ ಭಾರ ಹಾಕು, ಹೆದರಬೇಡ.

ಆದ್ದರಿಂದ ಈ ಪತ್ರಿಕೆಯ ಓದುಗರಲ್ಲಿ ನನ್ನ ಕೋರಿಕೆ ಚಿಕ್ಕದು. ಅಂಥವಳು ಎದುರಿಗೆ ಕೂತಾಗ 'ಹೆದರಬೇಡ' ಎಂಬ ಮಾತನ್ನು ನುಂಗಿಕೊಂಡು, 'ಯಾವುದಕ್ಕೆ ಹೆದರುತ್ತೀಯ, ಹೇಳು' ಎಂದು ಕೇಳಿ. ಅವಳು ಹೇಳಿದ್ದರಲ್ಲಿ ಯಾವುದು ಕಂಡ ಅಪಾಯ, ಯಾವುದು ಕೇಳಿದ ಬೆದರಿಕೆ ಎಂದು ಅವಳ ಜೊತೆಯಲ್ಲೇ ಬೇರೆ ಮಾಡಿ. ಮೊದಲನೆಯದಕ್ಕೆ ನಿಮ್ಮ ಮನೆಯ ಬಾಗಿಲು ತೆರೆಯಿರಿ, ಎರಡನೆಯದಕ್ಕೆ ನಿಮಗೆ ತಿಳಿದ ವಿಷಯ ತಿಳಿಸಿ. ಠಾಣೆಗೋ ಕೋರ್ಟಿಗೋ ಅವಳು ಹೊರಟ ದಿನ ರಜೆ ಹಾಕಿ ಜೊತೆಗೆ ಹೋಗಿ. ಧೈರ್ಯ ಒಬ್ಬಳ ಎದೆಯೊಳಗೆ ತಾನಾಗಿ ಹುಟ್ಟುವ ವಸ್ತುವಲ್ಲ. ಅದು ಒಬ್ಬರಿಂದ ಒಬ್ಬರಿಗೆ ಬರುವಂಥದ್ದು.